ಕೆಂಪು ಗೆರೆ ಎಳೆದ ಉತ್ತರ

ಜತ್ತ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ನಾವು ವಿಜ್ಞಾನ ಬೋಧಿಸುತ್ತಿದ್ದ, 1980ರ ದಶಕದ ಸಂಗತಿಯಿದು. ನೊಣದ ಜೀವನಚಕ್ರವನ್ನು ವಿವರಿಸಲು ಪರೀಕ್ಷೆಯಲ್ಲಿ ಕೇಳಿದ್ದೆವು. ಕುರುಬರ ಮನೆಯ ಹುಡುಗನೊಬ್ಬ ಮೊಟ್ಟೆ, ಹುಳು, ಕೋಶ, ನೊಣ ಎಂಬ ನಾಲ್ಕು ಹಂತಗಳನ್ನೂ ಸರಿಯಾಗಿ ಬರೆದು, ‘ಕುರಿಯ ಮೂಗಿಗೆ ಬರುವ ನೊಣ ಮಾತ್ರ ಮೊಟ್ಟೆ ಇಡುವುದಿಲ್ಲ, ಹುಳವನ್ನೇ ಬಿಡುತ್ತದೆ’ ಎಂದು ಸೇರಿಸಿದ್ದನು. ಪುಸ್ತಕದಲ್ಲಿಲ್ಲದ ಆ ಸಾಲಿಗೆ ಕೆಂಪು ಗೆರೆ ಎಳೆದೆವು. ಒಂದು ಅಂಕ ಕಳೆದೆವು. ಸಾಲದೆಂಬಂತೆ ತರಗತಿಯಲ್ಲಿ ಓದಿ ನಗೆಗೀಡು ಮಾಡಿದೆವು. “ಇಲ್ರಿ ಗುರುಗಳ, ಅದು ತತ್ತಿ ಇಡಂಗಿಲ್ರಿ” ಎಂದಷ್ಟೇ ಹೇಳಿ ಅವನು ತಲೆ ತಗ್ಗಿಸಿದನು.

ಆ ಬೇಸಿಗೆಯಲ್ಲಿ ಅವನ ತಂದೆಯ ಮಂದೆಯನ್ನು ಕಾಣುವ ಪ್ರಸಂಗ ಒದಗಿತು. ಸುಡುಬಿಸಿಲಿನಲ್ಲಿ ಕರಿಯ ಕುರಿಗಳು ಮೇವು ಬಿಟ್ಟು ಒತ್ತಾಗಿ ನಿಂತು, ಒಂದರ ಹೊಟ್ಟೆಯಡಿ ಮತ್ತೊಂದು ತಲೆ ತೂರಿಸಿದ್ದವು. ಕೆಲವು ಮೂಗನ್ನು ಮಣ್ಣಿಗೆ ಒತ್ತಿದ್ದವು. ನೆರಳಿಗಾಗಿ ಎಂದುಕೊಂಡೆವು. “ನೆಳ್ಳಿಗಲ್ರಿ, ನೊಣಕ್ಕ ಅಂಜ್ಯಾವ” ಎಂದರು ತಂದೆ. ಮೇಯದ ಕುರಿ ಬಡಕಲಾಗುತ್ತದೆ, ಬಡಕಲು ಕುರಿಗೆ ಸಂತೆಯಲ್ಲಿ ಬೆಲೆಯಿಲ್ಲವೆಂಬುದು ಅವರ ಚಿಂತೆ.

ಅಂದೇ ಅಲ್ಲಿಗೆ ಬಂದಿದ್ದ ಪಶುವೈದ್ಯರು ಸತ್ತ ಕುರಿಯೊಂದರ ತಲೆಯನ್ನು ಸೀಳಿದರು. ಹಣೆಯೆಲುಬಿನ ಪೊಳ್ಳಿನಲ್ಲಿ ಬೆರಳಿನ ಗೆಣ್ಣಿನಷ್ಟು ಉದ್ದದ, ಕಂದು ಪಟ್ಟೆಯ ಹುಳುಗಳಿದ್ದವು. ಈ ಬೂದುಬಣ್ಣದ ನೊಣ ಮೊಟ್ಟೆಗಳನ್ನು ತನ್ನ ಒಡಲಲ್ಲೇ ಮರಿ ಮಾಡಿ, ಹಾರುತ್ತಲೇ ಕುರಿಯ ಮೂಗಿಗೆ ಸೂಕ್ಷ್ಮವಾದ ಹುಳುಗಳನ್ನು ಸಿಡಿಸುತ್ತದೆಂದು ಅವರು ವಿವರಿಸಿದರು. ಅವು ಮೂಗಿನೊಳಗೆ ಏರಿ ತಿಂಗಳುಗಟ್ಟಲೆ ಬೆಳೆಯುತ್ತವೆ; ಕುರಿ ಸಿಂಬಳ ಸುರಿಸಿ ಸೀನುತ್ತದೆ; ಸೀನಿದಾಗ ಬಿದ್ದ ಹುಳು ಮಣ್ಣಿನಲ್ಲಿ ಕೋಶವಾಗಿ, ಮತ್ತೆ ನೊಣವಾಗುತ್ತದೆ. ಆ ನೊಣಕ್ಕೆ ಕಚ್ಚಲು ಬಾಯಿಯೇ ಇಲ್ಲ. ಆದರೂ ಇಡೀ ಮಂದೆ ಅದಕ್ಕೆ ಹೆದರುತ್ತದೆ.

ಹುಡುಗನು ಪಕ್ಕದಲ್ಲೇ ನಿಂತಿದ್ದನು. ನಮ್ಮ ಮುಖವನ್ನು ನೋಡಲಿಲ್ಲ. ಶಾಲೆ ತೆರೆದ ಮೇಲೆ ಕ್ಷಮೆ ಕೇಳಿದರಾಯಿತೆಂದು ನಾವೂ ಸುಮ್ಮನಾದೆವು.

ಜೂನ್‌ನಲ್ಲಿ ಅವನು ಶಾಲೆಗೆ ಬರಲಿಲ್ಲ. ಮಂದೆಯೊಡನೆ ಹೋದನೆಂದು ತಿಳಿಯಿತು. ಆ ಕೆಂಪು ಗೆರೆಯೇ ಕಾರಣವೆಂದು ಹೇಳಲಾರೆವು. ಅಲ್ಲವೆನ್ನುವ ಧೈರ್ಯವೂ ನಮಗಿಲ್ಲ. ನಿವೃತ್ತಿಯವರೆಗೆ ಆ ಪಾಠ ಬಂದಾಗಲೆಲ್ಲ ಅವನ ಸಾಲನ್ನು ಕರಿಹಲಗೆಯ ಮೇಲೆ ಬರೆದು, ನಮ್ಮ ವಿದ್ಯಾರ್ಥಿಯೊಬ್ಬ ಕಲಿಸಿದ್ದೆಂದು ಮಕ್ಕಳಿಗೆ ಹೇಳುತ್ತಿದ್ದೆವು. ಅವನಿಗೆ ಸಲ್ಲಬೇಕಾದ ಒಂದು ಅಂಕ ಇನ್ನೂ ನಮ್ಮಲ್ಲೇ ಉಳಿದಿದೆ.