ಮೋಸ್ತಾರಿನ ಸೇತುವೆ, ಮೋಸ್ತಾರಿನ ಶಾಲೆ

ನೆರೆತ್ವಾ ನದಿಯ ಹಸಿರು ನೀರಿನ ಮೇಲೆ ಒಂದೇ ಕಮಾನಿನ ಕಲ್ಲಿನ ಸೇತುವೆ. ಬೇಸಿಗೆ ಬಂತೆಂದರೆ ಊರಿನ ಯುವಕರು ಅದರ ನೆತ್ತಿಯಿಂದ ಇಪ್ಪತ್ತು ಮೀಟರಿಗೂ ಹೆಚ್ಚು ಕೆಳಗಿರುವ ತಣ್ಣೀರಿಗೆ ಧುಮುಕುತ್ತಾರೆ. ಪ್ರವಾಸಿಗರು ಉಸಿರು ಬಿಗಿಹಿಡಿದು ನೋಡುತ್ತಾರೆ. ಬೋಸ್ನಿಯಾ ದೇಶದ ಈ ಮೋಸ್ತಾರ್ ನಗರಕ್ಕೆ ಹೆಸರು ಬಂದದ್ದೇ ಸೇತುವೆ ಕಾಯುತ್ತಿದ್ದ 'ಮೋಸ್ತಾರಿ'ಗಳಿಂದ.

ತುರ್ಕಿಯ ಶಿಲ್ಪಿ ಮಿಮಾರ್ ಹೈರುದ್ದೀನ್ 1566ರಲ್ಲಿ ಕಟ್ಟಿ ಮುಗಿಸಿದ ಸೇತುವೆ 427 ವರ್ಷ ಅಲುಗದೆ ನಿಂತಿತ್ತು. ಯುಗೊಸ್ಲಾವಿಯಾ ಒಡೆದು 1992ರಲ್ಲಿ ಬೋಸ್ನಿಯಾ ಹೊತ್ತಿ ಉರಿಯಿತು. ಮರುವರ್ಷ ಮೋಸ್ತಾರಿನಲ್ಲಿ ನೆರೆಹೊರೆಯವರಾಗಿದ್ದ ಕ್ರೊವಾಟರು ಮತ್ತು ಬೋಸ್ನಿಯಾಕ್ ಮುಸ್ಲಿಮರೇ ಎದುರಾಳಿಗಳಾದರು. 1993ರ ನವೆಂಬರ್ 9ರಂದು ಕ್ರೊವಾಟ್ ಪಡೆಯ ಶೆಲ್ ದಾಳಿಗೆ ಸೇತುವೆ ಕುಸಿದು ನೀರು ಪಾಲಾಯಿತು.

1995ರ ಡೇಟನ್ ಒಪ್ಪಂದ ಯುದ್ಧವನ್ನು ನಿಲ್ಲಿಸಿತು. ಹಂಗೇರಿಯ ಸೇನೆಯ ಮುಳುಗುಗಾರರು ಬಿದ್ದ ಕಲ್ಲುಗಳನ್ನು ನದಿಯಿಂದ ಎತ್ತಿದರು. ಅವುಗಳಲ್ಲಿ ಹೆಚ್ಚಿನವು ಮತ್ತೆ ಬಳಸುವಂತಿರಲಿಲ್ಲ. ಸಮೀಪದ ಗಣಿಯಿಂದ ಅದೇ ಬಗೆಯ ಬಿಳಿಚು ಕಲ್ಲು ತಂದು, ಕಬ್ಬಿಣದ ಕೊಂಡಿಗಳನ್ನು ಕರಗಿಸಿದ ಸೀಸದಿಂದ ಬಿಗಿಯುವ ಹಳೆಯ ಕ್ರಮದಲ್ಲೇ ಕಮಾನು ಕಟ್ಟಿದರು. 2004ರ ಜುಲೈ 23ರಂದು ಸೇತುವೆ ಮತ್ತೆ ತೆರೆಯಿತು. ಮರುವರ್ಷ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹಾಗಾದರೆ ಊರು ಒಂದಾಯಿತೇ? ಸೇತುವೆ ದಾಟಿ ಪಶ್ಚಿಮಕ್ಕೆ ಸ್ವಲ್ಪ ದೂರ ನಡೆಯಿರಿ; 'ಬುಲೆವಾರ್' ಎಂಬ ಅಗಲವಾದ ಬೀದಿ ಸಿಗುತ್ತದೆ. ಯುದ್ಧಕಾಲದ ಗಡಿ ನದಿಯಲ್ಲ, ಈ ಬೀದಿ. ರಾಜಕೀಯ ಜಗಳದಿಂದಾಗಿ 2008ರ ನಂತರ 2020ರವರೆಗೆ ಈ ನಗರದಲ್ಲಿ ಪುರಸಭೆಯ ಚುನಾವಣೆಯೇ ನಡೆಯಲಿಲ್ಲ.

ಆ ಬೀದಿಯ ಬಳಿಯಲ್ಲೇ ಕಿತ್ತಳೆ ಬಣ್ಣದ ಹಳೆಯ ಪ್ರೌಢಶಾಲೆಯಿದೆ. ಯುದ್ಧದಲ್ಲಿ ಹಾಳಾಗಿದ್ದ ಅದು 2004ರಲ್ಲಿ ಒಂದೇ ಆಡಳಿತದ ಕೆಳಗೆ ಬಂತು. ಆದರೆ ಪಾಠಪಟ್ಟಿ ಮಾತ್ರ ಎರಡು: ಕ್ರೊವಾಟ್ ಮಕ್ಕಳಿಗೆ ಒಂದು, ಬೋಸ್ನಿಯಾಕ್ ಮಕ್ಕಳಿಗೆ ಇನ್ನೊಂದು. ಇಬ್ಬರ ಮಾತೂ ಪರಸ್ಪರ ಅರ್ಥವಾಗುತ್ತದೆ. ಆದರೂ ಚರಿತ್ರೆಯ ಪಾಠ ಬೇರೆ, ತರಗತಿ ಬೇರೆ. ಜೊತೆಯಾಗಿ ಕೂರಲು ಸಿಕ್ಕಿದ್ದು ಕಂಪ್ಯೂಟರ್ ಕೋಣೆ, ವಿದ್ಯಾರ್ಥಿ ಸಂಘ. 2006ರಲ್ಲಿ ಅದೇ ಕಟ್ಟಡದಲ್ಲಿ ಒಂದು ಅಂತರರಾಷ್ಟ್ರೀಯ ಕಾಲೇಜು ಆರಂಭವಾಗಿ, ಎಲ್ಲ ಸಮುದಾಯದ ಮಕ್ಕಳನ್ನು ಹೊರದೇಶದವರೊಡನೆ ಒಂದೇ ಬೆಂಚಿನಲ್ಲಿ ಕೂರಿಸಿತು.

ಕಮಾನು ಕಟ್ಟಲು ಮೂರು ವರ್ಷ ಸಾಕಾಯಿತು. ಅದಕ್ಕೆ ಹಣ, ಗಣಿ, ನುರಿತ ಕಲ್ಲುಕುಟಿಗರು ಇದ್ದರು. ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುವ ಕೆಲಸಕ್ಕೆ ಬೇಕಾದದ್ದು ತಂದೆತಾಯಂದಿರ ಒಪ್ಪಿಗೆ. ಮೋಸ್ತಾರಿಗೆ ಹೋದವರು ಸೇತುವೆಯ ಚಿತ್ರ ತೆಗೆದ ಮೇಲೆ ಈ ಶಾಲೆಯ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು.