ಊರಿನ ನಾಡಿ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಗುರುಗಳ ಅಪ್ಪಣೆಯಾದಾಗ ನನ್ನ ಕಣ್ಣಮುಂದೆ ನಿಂತುದು ನಾರಾಯಣಖೇಡದ ಸಮೀಪದ ಒಂದು ಹಳ್ಳಿ.

ಕೆಲವು ವರ್ಷ ವೈದ್ಯನಾಗಿ ದುಡಿದ ಮೇಲೆ ನಾನು, ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆಯಲ್ಲಿ 2001ರಲ್ಲಿ ಆರಂಭವಾದ ಎರಡು ವರ್ಷಗಳ ಕ್ಷೇತ್ರ ತರಬೇತಿಗೆ ಸೇರಿದೆ. ಅಲ್ಲಿ ತರಗತಿಯ ಪಾಠ ಕಡಿಮೆ. ಕಾಲದ ಬಹುಭಾಗ ಊರೂರುಗಳಲ್ಲಿಯೇ ಕಳೆಯಬೇಕು. ಊರಿನ ನಾಡಿ ಹಿಡಿಯುವ ವಿದ್ಯೆ ಅದು.

ಆ ಹಳ್ಳಿಯಲ್ಲಿ ವಾಂತಿಭೇದಿ ಎದ್ದಾಗ, ಸೇದುಬಾವಿಯೇ ಮೂಲವೆಂದು ಬಗೆದು, ಬ್ಲೀಚಿಂಗ್ ಪುಡಿ ಹಾಕಿಸಿ ನೆಮ್ಮದಿಯಿಂದ ಮರಳಿದೆ. ಬೇನೆ ನಿಲ್ಲಲಿಲ್ಲ. ಮೂರನೆಯ ದಿನ ವೃದ್ಧರೊಬ್ಬರು ತೀರಿಕೊಂಡರು. ಬೇನೆ ಬಿದ್ದವರೂ ಬೀಳದವರೂ ಅದೇ ಬಾವಿಯ ನೀರು ಕುಡಿಯುತ್ತಿದ್ದರೆಂಬುದನ್ನು ನಾನು ಎಣಿಸಿಯೇ ನೋಡಿರಲಿಲ್ಲ! ತೆಲುಗಿನಲ್ಲಿದ್ದ ನಮ್ಮ ಪ್ರಶ್ನಾವಳಿ ‘ಮನೆಗೆ ನೀರು ಎಲ್ಲಿಂದ?’ ಎಂದಷ್ಟೇ ಕೇಳುತ್ತಿತ್ತು. ಮರುದಿನ ಕಾಗದವನ್ನು ಮಡಿಚಿಟ್ಟು, ಮನೆಮನೆಗೂ ಹೋಗಿ, ಈ ಶಾಲೆ ಕಲಿಸಿದ ಕನ್ನಡದಲ್ಲಿ ಮಾತಿಗೆ ಕುಳಿತೆ.

“ಹಗಲೆಲ್ಲಾ ಹೊಲ್ದಾಗೇ ಇರ್ತೀವಲ್ಲಪ್ಪಾ, ಹಳ್ಳದ ಒರತಿ ನೀರೇ ಕುಡೀತೀವಿ” ಎಂದರು ಒಬ್ಬ ಅಜ್ಜಿ.

ಬೇನೆ ಬಿದ್ದವರಲ್ಲಿ ಹೆಚ್ಚಿನವರು ಆ ಹಳ್ಳದ ದಂಡೆಯಲ್ಲಿ ಕೂಲಿ ಮಾಡುವವರು. ಒರತೆಯನ್ನು ಮುಚ್ಚಿಸಿ, ಹೊಲಕ್ಕೆ ಶುದ್ಧ ನೀರು ಒಯ್ಯುವ ಏರ್ಪಾಡು ಮಾಡಿದೆವು. ಕೆಲವೇ ದಿನಗಳಲ್ಲಿ ಹೊಸ ರೋಗಿಗಳು ಬರುವುದು ನಿಂತಿತು.

ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದಲ್ಲಿಯೂ 2012ರಲ್ಲಿ ಇಂಥ ತರಬೇತಿ ಆರಂಭವಾಯಿತು. ಈ ವಿದ್ಯೆಗೆ ಹೊರಡುವ ಕಿರಿಯರು ಮನೆಗೆ ಬಂದರೆ ಆ ಹಳ್ಳಿಯ ನಕ್ಷೆಯನ್ನು ಬಿಚ್ಚಿ ತೋರಿಸುತ್ತೇನೆ. ಬಾವಿಯ ಸುತ್ತ ನಾನು ಎಳೆದಿದ್ದ ಕೆಂಪು ಗೆರೆಯನ್ನು ಇಂದಿಗೂ ಅಳಿಸಿಲ್ಲ.