‘ನಗು’ ‘ಣಘೂ’ ಆದ ರಾತ್ರಿ

ಹುಣಸೂರಿನ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆಯ ಎರಡನೆಯ ವಾರ. ಮರುದಿನ ಮೊದಲ ಅವಧಿಗೆ ಮುನ್ನ ಪಾಠಯೋಜನೆಗೆ ಮಾರ್ಗದರ್ಶಕರ ಸಹಿ ಆಗಬೇಕಿತ್ತು. ರಾತ್ರಿ ಪಿರಿಯಾಪಟ್ಟಣದ ಮನೆಯಲ್ಲಿ ‘ನುಡಿ’ ತಂತ್ರಾಂಶ ತೆರೆದು ‘ನಗು’ ಎಂದು ಟೈಪ್ ಮಾಡಿದರೆ ‘ಣಘೂ’ ಬಂತು. ‘ತಲೆ’ ‘ಥಳೇ’ ಆಯಿತು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಕೊನೆಗೆ ನುಡಿಯನ್ನೇ ತೆಗೆದು ಮತ್ತೆ ಹಾಕಿದೆ. ಗಂಟೆ ಹನ್ನೊಂದಾಯಿತು, ಅಕ್ಷರ ಮಾತ್ರ ಹಾಗೇ.

ಒಂಬತ್ತನೇ ತರಗತಿಯ ತಂಗಿ ಇಣುಕಿದಳು. “ಅಕ್ಕಾ, ಅಲ್ಪಪ್ರಾಣ ಮಹಾಪ್ರಾಣ ಆಗದೆ, ಹ್ರಸ್ವ ದೀರ್ಘ ಆಗದೆ. ಶಿಫ್ಟ್ ಒತ್ತಿದ್ರೆ ತಾನೆ ಹಂಗ್ ಬರೋದು?”

ಹೌದು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ‘ಗ’ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ‘ಘ’. ನೋಡಿದರೆ ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿತ್ತು. ಆರಿಸಿದೆ, ‘ನಗು’ ಸರಿಯಾಗಿ ಬಂತು.

ಆದರೆ ನಿದ್ದೆ ಬರಲಿಲ್ಲ. ಅಂದು ಬೆಳಿಗ್ಗೆ ಎಂಟನೇ ತರಗತಿಯ ಹುಡುಗನೊಬ್ಬ ‘ಅಳ್ಳಿ’, ‘ಆಲು’, ‘ಊವು’ ಎಂದು ಬರೆದಿದ್ದ. ಪುಟದ ತುಂಬ ಕೆಂಪು ಗೆರೆ ಎಳೆದು, ಎಲ್ಲವನ್ನೂ ಹತ್ತು ಸಲ ಬರೆಯಲು ಹೇಳಿದ್ದೆ. ನುಡಿಯನ್ನು ತೆಗೆದು ಮತ್ತೆ ಹಾಕಿದಂತೆಯೇ ಅದೂ. ಅವನದು ಹಲವು ತಪ್ಪಲ್ಲ, ಒಂದೇ. ನಮ್ಮ ಕಡೆಯ ಮಾತಿನಲ್ಲಿ ‘ಹ’ಕಾರ ಉದುರುತ್ತದೆ; ಕೇಳಿದಂತೆ ಬರೆದಿದ್ದ. ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂದು ನಾನು ಟಿಪ್ಪಣಿ ಮಾಡಿಕೊಂಡಿದ್ದೆನಷ್ಟೆ. ಮಗುವಿನ ಪುಟವನ್ನು ಓದಿರಲಿಲ್ಲ.

ಮರುದಿನ ಪಾಠಯೋಜನೆಯಲ್ಲಿ ಐದು ನಿಮಿಷ ‘ಹ’ಕಾರಕ್ಕೆ ಇಟ್ಟೆ. ಹುಡುಗ ‘ಹಳ್ಳಿ’, ‘ಹಾಲು’ ಎಂದು ಬರೆದು ತಲೆಯೆತ್ತಿದ.

“ಮಿಸ್, ಹಂಗಾದ್ರೆ ಅಕ್ಕಿ ಬೇರೆ, ಹಕ್ಕಿ ಬೇರೆ ಅಲ್ವಾ?”